ಒಂದು ಕಿಲೋ ಕುಕ್ಕರ್

ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಸಿ, ಯು, ಕೆ, ಆರ್ ಎಂದು ಬರೆದಿತ್ತು. ನಾನು ಅದನ್ನು ಕುಕ್ಕರ್ ಎಂದು ಓದಿಕೊಂಡೆ. ಕಾಗದದ ಪೊಟ್ಟಣ, ತೂಕ ಒಂದು ಕಿಲೋ. ಈ ದೇಶದಲ್ಲಿ ಕುಕ್ಕರನ್ನೂ ಕಿಲೋ ಲೆಕ್ಕದಲ್ಲಿ ಕಟ್ಟಿ ಕೊಡುತ್ತಾರೇನೋ, ನಮಗ್ಯಾಕೆ ಬಿಡು ಅಂದುಕೊಂಡು ಮುಂದೆ ಹೋದೆ. ಆಮೇಲೆ ಅದೇ ಸಾಲಿನಲ್ಲಿ ಮೂರು ಸಲ ಓಡಾಡಿದೆ. ಉಪ್ಪು ಸಿಕ್ಕಿತು. ಮೈದಾ ಸಿಕ್ಕಿತು. ಗಸಗಸೆ ಕೂಡ ಸಿಕ್ಕಿತು. (ನಾವು ಚಿಟಿಕೆಯಲ್ಲಿ ಹಾಕುವ ಗಸಗಸೆಯನ್ನು ಅವರು ಸೇರುಗಟ್ಟಲೆ ತಿನ್ನುತ್ತಾರೆ. ತಿಂದೂ ಎಚ್ಚರವಾಗಿಯೇ ಇರುತ್ತಾರೆ.) ನನಗೆ ಬೇಕಾಗಿದ್ದ ಸಕ್ಕರೆ ಮಾತ್ರ ಎಲ್ಲೂ ಇಲ್ಲ.

ಯಾರನ್ನಾದರೂ ಕೇಳೋಣ ಅಂದರೆ ಭಾಷೆ ಬಾರದು. ಅದೂ ಅಲ್ಲದೆ ನಾನು ಬಂದಿದ್ದದ್ದು ಕದ್ದು. ಹೆಂಡತಿ ಮತ್ತು ಮಗಳು ಪಾರ್ಕಿಗೆ ಹೋಗಿದ್ದರು. ನನಗಿದ್ದದ್ದು ಅರ್ಧ ಗಂಟೆ.

ಊರು ಚೆಕ್ ದೇಶದ ಬ್ರನೋ. ಮಗಳು, ಅಳಿಯಂದಿರು ಅಲ್ಲಿ ಕೆಲಸದಲ್ಲಿದ್ದಾರೆ. ನಮಗೆ ಸಿಕ್ಕಿದ್ದು 90 ದಿನದ ವೀಸಾ. ಹೊರಡುವ ಮುಂಚೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಖಾಲಿಹೊಟ್ಟೆಯ ಲೆಕ್ಕ 148 ಬಂದುಬಿಟ್ಟಿತ್ತು. ಹಾಗಾಗಿ 90 ದಿನವೂ ಸಕ್ಕರೆ ಇಲ್ಲದ ಕಾಫಿ ಎಂದು ತೀರ್ಪಾಗಿತ್ತು. ಮಗಳ ಮನೆಯಲ್ಲಿದ್ದ ಸಕ್ಕರೆ ಡಬ್ಬಿಯನ್ನು ನಾವು ವಿಮಾನ ಹತ್ತುವ ಮೊದಲೇ ಪಕ್ಕದ ಮನೆಯವರಿಗೆ ಕೊಟ್ಟು ಕೈತೊಳೆದುಕೊಂಡಿದ್ದರಂತೆ. ನಾನು ಮಂಡ್ಯದವನು ಎನ್ನುವುದು ನಿಮಗೆ ಗೊತ್ತಿರಲಿ. ಮಂಡ್ಯದವನಿಗೆ ಸಕ್ಕರೆ ಇಲ್ಲ ಅನ್ನುವುದು ಮೀನಿಗೆ ಒಂದಷ್ಟು ದಿನ ಗಟ್ಟಿ ನೆಲದ ಮೇಲೆ ಇರು ಅಂದ ಹಾಗೆ.

ಕೊನೆಗೆ ದಾರಿ ತೋರಿಸಿದ್ದು ಒಂದು ರಟ್ಟಿನ ಡಬ್ಬಿ. ಅದರ ಮೇಲೆ ಬಿಳಿ ಚೌಕ ಬಿಲ್ಲೆಗಳ ಚಿತ್ರವಿತ್ತು. ಅದರ ಮೇಲೂ ಕುಕ್ಕರ್ ಎಂದೇ ಬರೆದಿತ್ತು. ಆಗ ತಲೆಯಲ್ಲಿ ಸೀಟಿ ಹೊಡೆಯಿತು. ಡಬ್ಬಿ ಕೊಂಡು, ಕೋಟಿನ ಒಳಜೇಬಿಗೆ ತುರುಕಿಕೊಂಡು ಮನೆಗೆ ಬಂದೆ.

ಸಂಜೆಯೊಳಗೆ ಸಿಕ್ಕಿಬಿದ್ದೆ. ನನ್ನ ಹೆಂಡತಿ ಬೆಳಗಾವಿ ಕಡೆಯವಳು. ಕೋಟು ಮಡಚಿಡಲು ಹೋದವಳು ಡಬ್ಬಿ ಹಿಡಿದುಕೊಂಡು ಬಂದಳು.

"ಏನ್ರೀ ಇದು?"

"ಕುಕ್ಕರ್," ಅಂದೆ. ಸುಳ್ಳು ಹೇಳಿದ ಹಾಗಾಗಲಿಲ್ಲ.

ಮಗಳು ಬಿದ್ದು ಬಿದ್ದು ನಕ್ಕಳು. ಅದು ಕುಕ್ಕರ್ ಅಲ್ಲವಂತೆ, 'ತ್ಸುಕ್ರ್' ಅಂತೆ. ಸೀನು ಬರುವ ಮುಂಚೆ ತಡೆದುಕೊಂಡ ಹಾಗೆ ಹೇಳಬೇಕು. "ಅಪ್ಪ, ನಿಮಗಿರೋ ಕಾಯಿಲೆಗೂ ಇಲ್ಲಿ ಅದೇ ಹೆಸರು. ತ್ಸುಕ್ರೊವ್ಕಾ ಅಂತಾರೆ," ಅಂದಳು. ಅಳಿಯಂದಿರು ಇನ್ನೊಂದು ಸೇರಿಸಿದರು. ಇಲ್ಲಿ ಸಕ್ಕರೆ ಮಾಡುವುದು ಕಬ್ಬಿನಿಂದಲ್ಲ, ಬೀಟ್ ಗೆಡ್ಡೆಯಿಂದ. ಆಡುಮಾತಿನಲ್ಲಿ ಆ ಗೆಡ್ಡೆಗೂ ತ್ಸುಕ್ರೊವ್ಕಾ ಅಂತಲೇ ಅನ್ನುತ್ತಾರೆ. ಗೆಡ್ಡೆಗೂ ರೋಗಕ್ಕೂ ಒಂದೇ ಪದ! ನಮ್ಮೂರಲ್ಲಿ ಹಾಗಿದ್ದಿದ್ದರೆ 'ಎರಡು ಎಕರೆ ತ್ಸುಕ್ರೊವ್ಕಾ ಹಾಕಿದ್ದೀನಿ' ಅಂದವನನ್ನು ಮೊದಲು ಡಾಕ್ಟರ ಹತ್ತಿರ ಕಳಿಸಬೇಕಾಗುತ್ತಿತ್ತು. ಗೆಡ್ಡೆಯಿಂದ ಸಕ್ಕರೆ ತೆಗೆಯುವುದರ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಹೇಳುವುದಿಲ್ಲ. ಅತಿಥಿಯಾಗಿ ಹೋದ ದೇಶವನ್ನು ಬೈಯಬಾರದು.

ಆವತ್ತಿನಿಂದ ಈ ಪದ ನನ್ನ ಹಿಂದೆ ಬಿತ್ತು. ಅದರ ಬಗ್ಗೆ ನನಗೆ ಒಂದು ದೊಡ್ಡ ವಿಷಯ ಹೊಳೆದಿದೆ. ಕೊನೆಯಲ್ಲಿ ಹೇಳುತ್ತೇನೆ.

ಒಂದು ಶನಿವಾರ ಮಗಳ ಆಫೀಸಿನವರು ಊಟಕ್ಕೆ ಬಂದರು. ಆ ತಂಡವೇ ಒಂದು ಸಂತೆ. ಪೋಲೆಂಡಿನ ಹುಡುಗಿ, ಸೆರ್ಬಿಯಾದ ದಪ್ಪ ಮೀಸೆಯವನು, ಒಬ್ಬ ಬಲ್ಗೇರಿಯಾದವನು, ಸ್ಲೊವೇನಿಯಾದ ಹೆಂಗಸು, ಉಕ್ರೇನಿನ ಖಾರ್ಕಿವ್‌ನ ಹುಡುಗ, ಚೆಕ್ ದೇಶದವರೇ ಆದ ಅವರ ಮೇಲಧಿಕಾರಿ, ನಮ್ಮ ಲಖನೌದ ಇನ್ನೊಬ್ಬ. ಖಾರ್ಕಿವ್ ಅಂದ ಕೂಡಲೇ 2022ರಲ್ಲಿ ಅಲ್ಲಿ ಸಿಕ್ಕಿಹಾಕಿಕೊಂಡಿದ್ದ ನಮ್ಮ ಕಡೆಯ ಮೆಡಿಕಲ್ ಹುಡುಗರು ನೆನಪಾದರು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಹೆಂಡತಿ ಕೇಸರಿಭಾತು ತಂದಿಟ್ಟಳು. ಎಲ್ಲರ ತಟ್ಟೆಗೂ ಸೌಟಿನಲ್ಲಿ, ನನ್ನ ತಟ್ಟೆಗೆ ಚಮಚದಲ್ಲಿ.

ಚಮಚ ನೋಡಿದ ಸಿಟ್ಟಿಗೇ ಇರಬೇಕು, ನಾನು ಪ್ರವಚನ ಶುರು ಮಾಡಿದೆ. ನೀವೆಲ್ಲ ತಿನ್ನುತ್ತಿರುವ ಸಕ್ಕರೆ ಎಂಬ ಪದ ನಮ್ಮದು ಅಂದೆ. ಮೂಲ ಸಂಸ್ಕೃತದ ಶರ್ಕರಾ. ಪ್ರಾಕೃತದಲ್ಲಿ ಸಕ್ಕರಾ, ನಮ್ಮಲ್ಲಿ ಸಕ್ಕರೆ. ಪಾರ್ಸಿಯವರು ಅದನ್ನು ಶಕರ್ ಮಾಡಿಕೊಂಡರು, ಅರಬರು ಸುಕ್ಕರ್ ಮಾಡಿಕೊಂಡರು. ಈಗ ನಿಮ್ಮ ನಿಮ್ಮ ಭಾಷೆಯ ಪದ ಹೇಳಿ ನೋಡೋಣ.

ಪೋಲೆಂಡಿನ ಹುಡುಗಿ 'ತ್ಸುಕ್ಯೆರ್' ಅಂದಳು. ಇದೂ ಚೆಕ್ಕರ ತ್ಸುಕ್ರ್ ಕೂಡ ಅರಬರಿಂದ ಇಟಲಿಗೆ ಹೋಗಿ, ಅಲ್ಲಿಂದ ಜರ್ಮನ್ನರ ಕೈಗೆ ಸಿಕ್ಕಿ, ಅವರ ಮೂಲಕ ಬಂದವು. ಸೆರ್ಬಿಯಾದವನು ಮೀಸೆ ಒರೆಸಿಕೊಂಡು 'ಶೆಚೆರ್' ಅಂದ. ಅವರ ಮೇಲೆ ಶತಮಾನಗಟ್ಟಲೆ ತುರ್ಕರ ಆಳ್ವಿಕೆ ಇತ್ತಲ್ಲ, ತುರ್ಕರ ಶೆಕೆರ್ ಅಲ್ಲಿ ಶೆಚೆರ್ ಆಗಿ ಉಳಿಯಿತು. ಖಾರ್ಕಿವ್ ಹುಡುಗನ ಮನೆಯಲ್ಲಿ ಎರಡು ಪದ. ಅಜ್ಜಿಯ ಬಾಯಲ್ಲಿ ರಷ್ಯನ್ ಭಾಷೆಯ 'ಸಾಖರ್', ಶಾಲೆಯಲ್ಲಿ ಉಕ್ರೇನಿನ 'ತ್ಸುಕೊರ್'. ಮೊದಲನೆಯದು ಗ್ರೀಕರ ಕಡೆಯಿಂದ ಬಂದದ್ದು, ಎರಡನೆಯದು ಪೋಲೆಂಡ್, ಜರ್ಮನಿಯ ಕಡೆಯಿಂದ. ಒಂದೇ ಅಡುಗೆಮನೆಗೆ ಎರಡು ಬಾಗಿಲಿನಿಂದ ಒಂದೇ ಪದಾರ್ಥ.

ಸಾಖರ್ ಎಂದದ್ದು ಕೇಳಿ ಅಡುಗೆಮನೆಯಿಂದ ಹೆಂಡತಿ ಬಂದಳು. "ಇದು ನಮ್ ಬೆಳಗಾವಿ ಮರಾಠಿ ಮಂದಿ ಮಾತಲ್ರೀ. ಅವರೂ ಸಾಖರ ಅಂತಾರ," ಅಂದಳು. ನಿಜವೇ. ಪಾಳಿಯಲ್ಲಿ ಅದು ಸಕ್ಖರಾ. ಅಂಥದ್ದೇ ಒಂದು ರೂಪ ಗ್ರೀಕರ ಬಾಯಿಗೆ ಬಿತ್ತು, ಅಲ್ಲಿಂದ ರಷ್ಯಕ್ಕೆ ಹೋಯಿತು. ಬೆಳಗಾವಿಯ ಅಂಗಡಿಗೂ ಮಾಸ್ಕೋದ ಅಂಗಡಿಗೂ ಇಷ್ಟು ಹತ್ತಿರದ ಸಂಬಂಧ ಇರುವುದು ಹೆಂಡತಿಗೆ ಮೊದಲು ಗೊತ್ತಾಯಿತು, ನನಗೆ ಆಮೇಲೆ. ನನ್ನ ಪ್ರವಚನಕ್ಕೆ ಬಿದ್ದ ಮೊದಲ ಪೆಟ್ಟು ಇದು.

ಎರಡನೆಯ ಪೆಟ್ಟು ಬಲ್ಗೇರಿಯಾದವನದು. ಅವರೂ ಗ್ರೀಕರಿಂದಲೇ ತೆಗೆದುಕೊಂಡರು, ಆದರೆ ಅವರ ಬಾಯಲ್ಲಿ ಅದು 'ಜಹರ್' ಎಂದು ಕೇಳಿಸಿತು. ಲಖನೌದವನು ಬೆಚ್ಚಿಬಿದ್ದ. ಅವನ ಭಾಷೆಯಲ್ಲಿ ಜಹರ್ ಅಂದರೆ ವಿಷ. "ಸರಿಯಾಗೇ ಹೇಳ್ಯಾನ," ಎಂದು ಹೆಂಡತಿ ನನ್ನ ಕಡೆ ನೋಡಿದಳು.

ಸ್ಲೊವೇನಿಯಾದ ಹೆಂಗಸು ಅಷ್ಟು ಹೊತ್ತೂ ನಗುತ್ತಾ ಕೂತಿದ್ದಳು. "ನಾವು ಯಾರ ಹತ್ತಿರವೂ ಸಾಲ ಮಾಡಲಿಲ್ಲ," ಅಂದಳು. ಅವರದ್ದು 'ಸ್ಲಾಡ್‌ಕೊರ್'. ಸಿಹಿ ಎನ್ನುವುದಕ್ಕಿರುವ ಅವರದೇ ಮಾತಿನಿಂದ ಮಾಡಿಕೊಂಡದ್ದು. ಅಕ್ಕಪಕ್ಕದವರೆಲ್ಲ ತುರ್ಕರದ್ದೋ ಜರ್ಮನ್ನರದ್ದೋ ಇಟ್ಟುಕೊಂಡಾಗ ಇವರು ಮಾತ್ರ ಸ್ವಂತ ಪದ ಕಟ್ಟಿಕೊಂಡಿದ್ದಾರೆ. ಸ್ವಂತ ಪದ ಕಟ್ಟುವವರ ಮುಖದಲ್ಲಿ ಒಂದು ಕಳೆ ಇರುತ್ತದೆ, ಗಮನಿಸಿದ್ದೀರಾ? ನಮ್ಮಲ್ಲೂ ಇದ್ದಾರೆ. ಅವರ ಮುಂದೆ ಬಸ್ಸು, ಕಾರು ಅನ್ನಲು ಹೆದರಿಕೆಯಾಗುತ್ತದೆ. ಆದರೂ ಒಳಗೊಳಗೇ ಹೊಟ್ಟೆಕಿಚ್ಚೂ ಆಗುತ್ತದೆ.

ಪೋಲೆಂಡಿನ ಹುಡುಗಿ ಅವರ ಊರಿನ ಹಳೆಯ ಜಾಹೀರಾತಿನ ಮಾತು ಹೇಳಿದಳು. 'ತ್ಸುಕ್ಯೆರ್ ಕ್ಷೆಪಿ', ಸಕ್ಕರೆ ಬಲ ಕೊಡುತ್ತದೆ. 1930ರ ದಶಕದಲ್ಲಿ ಮೆಲ್ಕಿಯೊರ್ ವಾಂಕೊವಿಚ್ ಎಂಬ ಸಾಹಿತಿ ಬರೆದುಕೊಟ್ಟದ್ದು. ಜನ ಅದಕ್ಕೆ ಬಾಲ ಕಟ್ಟಿ 'ವೋಡ್ಕಾ ಇನ್ನೂ ಚೆನ್ನಾಗಿ ಕೊಡುತ್ತದೆ' ಅಂದರಂತೆ. ನಾನು ನಗುತ್ತಿರುವಾಗಲೇ ಆ ಹುಡುಗಿ ಕೇಳಿದಳು, "ನಮ್ಮಲ್ಲಿ ಈ ಕಾಯಿಲೆಗೂ ತ್ಸುಕ್ಷಿತ್ಸಾ ಅಂತೀವಿ. ಪದ ನಿಮ್ಮದೇ ಅಂದಿರಲ್ಲ, ನಿಮ್ಮ ಭಾಷೆಯಲ್ಲಿ ಏನಂತೀರಿ?"

ನಾನು ಬಾಯಿ ತೆರೆದೆ. ಬಂದ ಮಾತು, "ಶುಗರ್."

ಯಾರೂ ಮಾತಾಡಲಿಲ್ಲ. ಮಧುಮೇಹ ಅಂತ ಒಂದು ಪದ ಇದೆ, ಆದರೆ ಅದಿರುವುದು ಆಸ್ಪತ್ರೆಯ ಬೋರ್ಡಿನ ಮೇಲೆ. ಮನುಷ್ಯರಿಗೆ ಬರುವುದು ಶುಗರ್. 'ನನಗೆ ಸಕ್ಕರೆ ಇದೆ' ಅಂದರೆ ನಮ್ಮಲ್ಲಿ ಅರ್ಧ ಕಿಲೋ ಸಾಲ ಕೇಳಲು ಬರುತ್ತಾರೆ. ಡಬ್ಬಿಯಲ್ಲಿ ಇರುವವರೆಗೆ ಸಕ್ಕರೆ, ರಕ್ತಕ್ಕೆ ಇಳಿದ ಮೇಲೆ ಶುಗರ್. ಆ ಶುಗರ್ ಕೂಡ ಅದೇ ಶರ್ಕರಾ. ನಮ್ಮ ಮನೆ ಬಿಟ್ಟು ಹೋಗಿ, ಪಾರ್ಸಿ, ಅರಬಿ, ಇಟಲಿ, ಫ್ರಾನ್ಸ್ ಎಲ್ಲ ಸುತ್ತಿ, ಇಂಗ್ಲಿಷಿನ ಬೂಟು ಹಾಕಿಕೊಂಡು, ರೋಗವಾಗಿ ಹಿಂದಿರುಗಿದೆ. ಇಷ್ಟು ಸಾಲದು ಅನ್ನುವಂತೆ ಲಖನೌದವನು, "ಅಂಕಲ್, ನಾವು ಸಕ್ಕರೆಗೆ ಚೀನಿ ಅಂತೀವಿ. ಚೀನಾದ್ದು ಅಂತ. ಕಲ್ಲುಸಕ್ಕರೆಗೆ ಮಿಶ್ರಿ ಅಂತೀವಿ. ಈಜಿಪ್ಟಿನದು ಅಂತ," ಅಂದ. ದೇಶದ ಮಾನ ಕಾಪಾಡಬೇಕಾದವನೇ ಹೀಗೆ ಮಾಡಿದರೆ ಯಾರಿಗೆ ಹೇಳುವುದು? ಜಗತ್ತಿಗೆ ಸಕ್ಕರೆ ಕೊಟ್ಟವರು ನಾವೇ ಎಂದು ಬೆಳಗಾಗೆದ್ದು ಸಂದೇಶ ಕಳಿಸುವ ನನ್ನ ಗೆಳೆಯರೊಬ್ಬರಿದ್ದಾರೆ. ಅವರು ಆವತ್ತು ಅಲ್ಲಿರಬೇಕಿತ್ತು. ಇದೇ ಗೆಳೆಯರು 'ಬೆಲ್ಲ ಹಾಕ್ಕೊಳ್ಳಿ, ಏನೂ ಆಗಲ್ಲ' ಎಂದು ಪುಕ್ಕಟೆ ಸಲಹೆ ಕೊಟ್ಟು ನನ್ನ ಲೆಕ್ಕವನ್ನು 148ಕ್ಕೆ ಏರಿಸಿದವರು. ಅವರ ಲೆಕ್ಕ ಎಷ್ಟು ಎಂದು ಕೇಳಿದರೆ ಪರೀಕ್ಷೆ ಮಾಡಿಸುವುದೇ ಇಲ್ಲವಂತೆ. ಇರಲಿ.

ಶರ್ಕರಾ ಅಂದರೆ ಮೊದಲಿನ ಅರ್ಥ ಕಲ್ಲಹರಳು, ಮರಳು. ಇದನ್ನು ಹೇಳಿ ಸ್ವಲ್ಪ ಮಾನ ಉಳಿಸಿಕೊಳ್ಳೋಣ ಅಂತ ನೋಡಿದೆ. ಖಾರ್ಕಿವ್ ಹುಡುಗನ ಕಣ್ಣು ಅರಳಿತು. ರಷ್ಯನ್ನಿನಲ್ಲಿ ಹರಳು ಸಕ್ಕರೆಗೆ ಇವತ್ತಿಗೂ 'ಸಕ್ಕರೆ ಮರಳು' ಅನ್ನುತ್ತಾರಂತೆ. ಅಷ್ಟು ದೂರ ಹೋಗಿಯೂ ಪದ ತನ್ನ ಹಳೆಯ ಅರ್ಥದ ಪಕ್ಕದಲ್ಲೇ ಮನೆ ಮಾಡಿದೆ. ನಾವು ಮಾತ್ರ ಮರೆತು ಕಲ್ಲುಸಕ್ಕರೆ ಅನ್ನುತ್ತೇವೆ. ಬಿಡಿಸಿದರೆ ಕಲ್ಲು ಕಲ್ಲು ಎಂದಷ್ಟೇ ಆಗುತ್ತದೆ. ಅಲ್ಲಿ ಸಕ್ಕರೆ ಇಲ್ಲದ ಚಹಾ ಕೇಳುವಾಗ ಹೇಳುವ 'ಸಾಖರಾ'ಕ್ಕೂ ಸಹಾರಾ ಮರುಭೂಮಿಗೂ ಅಕ್ಷರಗಳು ಒಂದೇ ಎಂದೂ ಹೇಳಿದ. ಅದು ಬರೀ ಕಾಕತಾಳೀಯ, ಸಹಾರಾ ಅರಬಿಯ ಬೇರೆ ಪದ. ಆದರೂ ನನ್ನ ಕಾಫಿಯ ರುಚಿ ನೆನೆದು ನಾನು ತಲೆಯಾಡಿಸಿದೆ.

ಕೊನೆಗೆ ಬಾಯಿಬಿಟ್ಟವರು ಚೆಕ್ ಮೇಲಧಿಕಾರಿ. ತಟ್ಟೆಯ ಕೇಸರಿಭಾತು ಪೂರ್ತಿ ಮುಗಿಸಿ ಅವರು ಹೇಳಿದ್ದು ಇಷ್ಟು: "ಸಕ್ಕರೆ ನಿಮ್ಮದೇ ಇರಬಹುದು. ಅದಕ್ಕೆ ಮೂಲೆ ಮಾಡಿದವರು ನಾವು."

ಮುಂದಿನ ಭಾನುವಾರ ನಾವು ದಾಚಿತ್ಸೆಗೆ ಹೊರಟೆವು.

ಬ್ರನೋದಿಂದ ಅದು ಹತ್ತಿರ ಹತ್ತಿರ ಎರಡು ಗಂಟೆಯ ದಾರಿ. ಅಳಿಯಂದಿರು ಬೇರೆ ಯೋಜನೆ ಹಾಕಿದ್ದರು. ಅವರ ಯೋಜನೆಗಳು ಫೋನಿನಲ್ಲಿ ಹುಟ್ಟುತ್ತವೆ. ಪ್ರತಿ ಜಾಗಕ್ಕೂ ಎಷ್ಟು ಜನ ಎಷ್ಟು ನಕ್ಷತ್ರ ಕೊಟ್ಟಿದ್ದಾರೆ ಎಂದು ನೋಡಿಯೇ ಕಾರಿನ ಕೀಲಿ ತಿರುಗಿಸುವುದು. ನಾಲ್ಕೂವರೆ ನಕ್ಷತ್ರಕ್ಕಿಂತ ಕಡಿಮೆ ಇದ್ದರೆ ಹಿಮಾಲಯವನ್ನೂ ನೋಡದ ಜನ. "ಮಾವ, ಅದೇ ದಾರಿಯಲ್ಲಿ ಟೆಲ್ಚ್ ಇದೆ. ಯುನೆಸ್ಕೋ ಪಟ್ಟಿಯಲ್ಲಿರೋ ಚೌಕ. ಎಂಥ ಚೆಂದದ ಮನೆಗಳು ಗೊತ್ತಾ?" ಅಂದರು. "ನಾನು ನೋಡಬೇಕಾಗಿರೋದು ಬೇರೆ ಚೌಕ," ಅಂದೆ. ಮಾವನ ಮಾತು ಮೀರುವ ಹಾಗಿಲ್ಲವಲ್ಲ. ಆ ಒಂದು ಅಧಿಕಾರವನ್ನು ನಾನು 90 ದಿನದಲ್ಲಿ ಒಂದೇ ಸಲ ಬಳಸಿದ್ದು.

ದಾರಿಯುದ್ದಕ್ಕೂ ಕಥೆ ಹೇಳಿದೆ. ಆಗಿನ ಕಾಲಕ್ಕೆ ಸಕ್ಕರೆ ಬರುತ್ತಿದ್ದದ್ದು ಗೋಪುರದ ಹಾಗೆ, ಕಲ್ಲಿನಷ್ಟು ಗಟ್ಟಿಯಾಗಿ. ರಷ್ಯನ್ನರು ಅದಕ್ಕೆ ಸಕ್ಕರೆ ತಲೆ ಎನ್ನುತ್ತಿದ್ದರು. ಒಂದು ಲೋಟ ಚಹಾಕ್ಕೂ ಆ ತಲೆಯನ್ನು ಸುತ್ತಿಗೆಯಿಂದ ಒಡೆಯಬೇಕು, ಇಕ್ಕಳದಿಂದ ಚೂರು ಮಾಡಬೇಕು. ದಾಚಿತ್ಸೆಯ ಸಕ್ಕರೆ ಕಾರ್ಖಾನೆಗೆ ಯಾಕುಬ್ ಕ್ರಿಸ್ಟೊಫ್ ರಾದ್ ಎಂಬಾತ ಮೇಲ್ವಿಚಾರಕ. ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ. ಹೆಂಡತಿ ಯೂಲಿಯಾನಾ. 1841ರಲ್ಲಿ ಒಂದು ದಿನ ಆಕೆ ಸಕ್ಕರೆ ಒಡೆಯಲು ಹೋಗಿ ಬೆರಳು ಗಾಯ ಮಾಡಿಕೊಂಡಳಂತೆ. ರಕ್ತ ಸುರಿಯುವ ಬೆರಳು ಹಿಡಿದುಕೊಂಡು ಬಂದು, ಇಷ್ಟು ದೊಡ್ಡ ಕಾರ್ಖಾನೆ ನಡೆಸುತ್ತೀರಿ, ಇದನ್ನು ಚಹಾಕ್ಕೆ ಆಗುವಷ್ಟು ಚಿಕ್ಕ ತುಂಡು ಮಾಡಿಕೊಡಲು ಆಗುವುದಿಲ್ಲವೇ ಎಂದು ಗಂಡನನ್ನು ಕೇಳಿದಳಂತೆ. ಕೇಳಿದ ರೀತಿ ಇದಕ್ಕಿಂತ ಸ್ವಲ್ಪ ಖಾರವಾಗಿಯೇ ಇತ್ತು ಎಂದು ನನ್ನ ಊಹೆ. ಗಂಡ ಕೂತು ಒಂದು ಅಚ್ಚು ಮಾಡಿದ. ಒದ್ದೆ ಸಕ್ಕರೆಪುಡಿ ಅದರಲ್ಲಿ ಒತ್ತಿ ಒಣಗಿಸಿದ. ಒಂದು ಪೆಟ್ಟಿಗೆ ತುಂಬ ಬಿಲ್ಲೆ ಮಾಡಿ ಹೆಂಡತಿಗೆ ಕೊಟ್ಟ. 1843ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಪೇಟೆಂಟು ಗಂಡನದು, ಬೆರಳು ಹೆಂಡತಿಯದು.

"ಆಕೀ ಕಲ್ಪನಾ, ಇವನ ಹೆಸರು," ಎಂದು ಹಿಂದಿನ ಸೀಟಿನಿಂದ ಬಂತು. ಮಗಳು ಹ್ಞೂಂ ಅಂದಳು. ನಾವು ಗಂಡಸರಿಬ್ಬರೂ ರಸ್ತೆ ನೋಡುತ್ತಾ ಕೂತೆವು.

ದಾಚಿತ್ಸೆ ಸಣ್ಣ ಊರು. ಭಾನುವಾರ ಮಧ್ಯಾಹ್ನ, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಸ್ಮಾರಕ ಅಂದರೆ ಏನೋ ದೊಡ್ಡದಿರುತ್ತದೆ ಅಂದುಕೊಂಡಿದ್ದೆವು. ಒಂದು ಪೀಠ, ಅದರ ಮೇಲೆ ಬಿಳಿ ಚೌಕದ ಕಲ್ಲು. ಅಷ್ಟೇ. ಬಿಸಿಲಿಗೆ ಹೊಳೆಯುತ್ತಿತ್ತು. ನೋಡಿ ಮುಗಿಸಲು ಒಂದೂವರೆ ನಿಮಿಷ ಸಾಕಾಯಿತು. ಅಳಿಯಂದಿರು ಗಡಿಯಾರ ನೋಡಲಿಲ್ಲ. ಒಳ್ಳೆಯ ಮನೆತನದವರು. ಆದರೆ ಟೆಲ್ಚ್ ಇರುವ ದಿಕ್ಕಿಗೆ ಒಂದು ಸಲ ನೋಡಿದರು.

ನಾನು ಮಾತ್ರ ಅಲ್ಲೇ ನಿಂತೆ. ನಮ್ಮೂರಲ್ಲಿ 1930ರ ದಶಕದಿಂದ ಸಕ್ಕರೆ ಕಾರ್ಖಾನೆ ಇದೆ. ಚಿಕ್ಕಂದಿನಲ್ಲಿ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಗಾಡಿಯವನು ತೂಕಡಿಸುವಾಗ ನಾವು ಹಿಂದಿನಿಂದ ಜಲ್ಲೆ ಎಳೆಯುತ್ತಿದ್ದೆವು. ಎಚ್ಚರವಾದರೆ ಬೈಗುಳ, ಆಗದಿದ್ದರೆ ಕಬ್ಬು. ಕಾಕಂಬಿಯ ವಾಸನೆ ಬಟ್ಟೆಗೆ ಅಂಟಿಕೊಂಡಿರುತ್ತಿತ್ತು. ಇಷ್ಟೆಲ್ಲ ಇದ್ದೂ ಸಕ್ಕರೆಗೆ ಅಂತ ಯಾರೂ ಒಂದು ಕಲ್ಲು ನೆಟ್ಟದ್ದನ್ನು ನಾನು ಕಂಡಿಲ್ಲ. ಗೆಡ್ಡೆಯಿಂದ ಸಕ್ಕರೆ ತೆಗೆಯುವವರು ನೆಟ್ಟಿದ್ದಾರೆ. ಶರ್ಕರಾ ಅಂದರೆ ಕಲ್ಲು ತಾನೇ, ಕಲ್ಲಿನದೇ ಸಕ್ಕರೆ ಮಾಡಿ ನಿಲ್ಲಿಸಿದ್ದಾರೆ. ಅವರಿಗೆ ಆ ಹಳೆಯ ಅರ್ಥ ಗೊತ್ತಿತ್ತೋ ಇಲ್ಲವೋ. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು ಬೆರಳಿನಿಂದ ಮುಟ್ಟಿದೆ. ಬೆರಳನ್ನು ಬಾಯಿಗೆ ಇಟ್ಟುಕೊಳ್ಳಲಿಲ್ಲ. ಹೆಂಡತಿ ನೋಡುತ್ತಿದ್ದಳು.

ಟೆಲ್ಚ್ ಕೂಡ ನೋಡಿದೆವು. ಚೆನ್ನಾಗಿತ್ತು. ಅಲ್ಲಿ ಎಲ್ಲರೂ ಐಸ್‌ಕ್ರೀಮ್ ತಿಂದರು.

ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಖಾರ್ಕಿವ್ ಹುಡುಗ ಬೀಳ್ಕೊಡಲು ಬಂದ. ಅವನಿಗೆ ಚಹಾ, ನನಗೆ ಸಹಾರಾ. ನನ್ನ ಲೋಟ ನೋಡಿ ಮರುಕಪಟ್ಟು ಅವನ ಅಜ್ಜಿಯ ವಿಷಯ ಹೇಳಿದ. ಚಹಾ ಕುಡಿಯಲು ಮೂರು ಬಗೆ ಇದೆಯಂತೆ. ಲೋಟಕ್ಕೆ ಸಕ್ಕರೆ ಹಾಕಿ ಕರಗಿಸಿದರೆ 'ವ್ನಕ್ಲಾದ್ಕು'. ಬಿಲ್ಲೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬರೀ ಚಹಾ ಹೀರಿದರೆ 'ವ್ಪ್ರಿಕೂಸ್ಕು'. ನಮ್ಮಜ್ಜಿ ಬೆಲ್ಲದ ಚೂರು ಕಚ್ಚಿಕೊಂಡು ಕಾಫಿ ಕುಡಿಯುತ್ತಿದ್ದದ್ದೂ ಹೀಗೇ. ಮೂರನೆಯದು ಬಡವರ ಮನೆಯದು. ಸಕ್ಕರೆಯನ್ನು ಮೇಜಿನ ಮೇಲೆ ಇಟ್ಟು, ಅದನ್ನು ನೋಡುತ್ತಾ ಬರೀ ಚಹಾ ಕುಡಿಯುವುದು. ಅದಕ್ಕೆ 'ವ್ಪ್ರಿಗ್ಲ್ಯಾದ್ಕು' ಎಂದು ತಮಾಷೆಯ ಹೆಸರು.

ಇದಕ್ಕೆ ಮನೆಯಲ್ಲಿ ಒಪ್ಪಿಗೆ ಸಿಕ್ಕಿತು. ನೋಡಿದರೆ ಲೆಕ್ಕ ಏರುವುದಿಲ್ಲವಲ್ಲ. ಜಪ್ತಿಯಾಗಿದ್ದ ಡಬ್ಬಿಯಿಂದ ಒಂದು, ಒಂದೇ ಒಂದು ಬಿಲ್ಲೆ ನನ್ನ ಜೊತೆ ಬೆಂಗಳೂರಿಗೆ ಬಂತು. ಈಗ ಅದು ನಮ್ಮ ಊಟದ ಮೇಜಿನ ಮೇಲೆ ಒಂದು ಪುಟ್ಟ ತಟ್ಟೆಯಲ್ಲಿದೆ. ದಿನಾ ಬೆಳಿಗ್ಗೆ ಅದರ ಮುಂದೆ ಕೂತು ಕಾಫಿ ಕುಡಿಯುತ್ತೇನೆ. ಮೊದಮೊದಲು ಹಿಂಸೆ. ಆಮೇಲೆ ಅಭ್ಯಾಸವಾಯಿತು.

ಆ ದೊಡ್ಡ ವಿಷಯ ಹೇಳುತ್ತೇನೆ ಅಂದಿದ್ದೆ ಅಲ್ವಾ? ತ್ಸುಕ್ರ್, ಶೆಚೆರ್, ಸಾಖರ್, ಜಹರ್, ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಾಣಿಸುತ್ತದೆ. ಅದನ್ನೇ ಇವತ್ತು ಬೆಳಿಗ್ಗೆ ಬರೆಯಲು ಕೂತಿದ್ದೆ. ಅಷ್ಟರಲ್ಲಿ ಹೆಂಡತಿ ಮೇಜು ಒರೆಸಲು ಬಂದಳು. ತಟ್ಟೆ ಎತ್ತಿದವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿದಳು. ಕನ್ನಡಕ ತಂದುಕೊಂಡು ಮತ್ತೊಮ್ಮೆ ನೋಡಿದಳು.

"ಏನ್ರೀ, ಇದರ ಒಂದ್ ಮೂಲಿ ಎಲ್ಲಿ ಹೋತು?"

"ಇರುವೆ," ಅಂದೆ.